ಸೀಟ್ ನಂಬರ್ 14 ಯಾರದ್ದು? ಒಂದು ನಿಯಮ, ಒಂದು ಯಂತ್ರ, ಐವತ್ತು ವರ್ಷದ ಕಥೆ

ನಿಮ್ಮಲ್ಲಿ ಎಷ್ಟೋ ಜನ ಇದನ್ನ ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿರ್ತೀರಿ. ಹಾಗಾಗಿ ಬಸ್ಸಿನಿಂದಲೇ ಶುರು ಮಾಡೋಣ.

ಬೆಂಗಳೂರಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸು ಅಂದುಕೊಳ್ಳಿ. ನಾಳೆ ಹಬ್ಬ. ಉಳಿದಿರೋದು ಒಂದೇ ಸೀಟು, 14ನೇದು. ನೀವು ಮೊಬೈಲಿನಲ್ಲಿ ‘ಬುಕ್’ ಅಂತ ಒತ್ತಿದ ಕ್ಷಣದಲ್ಲೇ ಇನ್ನೆಲ್ಲೋ ಕೂತ ಇನ್ನೊಬ್ಬರೂ ಒತ್ತಿದ್ದಾರೆ. ಇಬ್ಬರ ಖಾತೆಯಿಂದಲೂ ದುಡ್ಡು ಹೋಗಿ, ಇಬ್ಬರಿಗೂ ‘ನಿಮ್ಮ ಸೀಟು 14’ ಅಂತ ಮೆಸೇಜ್ ಬಂದರೆ ಏನಾಗುತ್ತೆ? ರಾತ್ರಿ ಹನ್ನೊಂದಕ್ಕೆ ಬಸ್ಸಿನ ಬಾಗಿಲಲ್ಲಿ ಜಗಳ. ಇಬ್ಬರ ಕೈಯಲ್ಲೂ ಟಿಕೆಟ್ ಇದೆ, ಇಬ್ಬರೂ ಸುಳ್ಳು ಹೇಳ್ತಿಲ್ಲ. ಯಾರೋ ಒಬ್ಬರಿಗೆ ಹಬ್ಬಕ್ಕೆ ಮನೆ ಸೇರೋಕೆ ಆಗಲ್ಲ.

ಇದನ್ನು ತಡೆಯೋದು ಡೇಟಾಬೇಸಿನಲ್ಲಿ ಬರೆದಿಟ್ಟ ಒಂದು ಸಣ್ಣ ಸಾಲು: ಒಂದು ಟ್ರಿಪ್‌ನಲ್ಲಿ ಒಂದು ಸೀಟಿಗೆ ಒಂದೇ ಬುಕಿಂಗ್. ಇದನ್ನು ಬರೆಯೋಕೆ ಎರಡು ದಾರಿ ಇವೆ. ಒಂದು ‘ಯೂನಿಕ್ ಕನ್‌ಸ್ಟ್ರೇಂಟ್’, ಇನ್ನೊಂದು ‘ಯೂನಿಕ್ ಇಂಡೆಕ್ಸ್’. ಇಂಟರ್‌ವ್ಯೂಗೆ ಓದಿಕೊಂಡವರನ್ನ ಕೇಳಿ ನೋಡಿ, ಬಹಳ ಜನ ‘ಎರಡೂ ಒಂದೇ’ ಅಂತಾರೆ. ಅದು ಅರ್ಧ ನಿಜ. ಒಂದು ನಿಯಮ, ಇನ್ನೊಂದು ಆ ನಿಯಮವನ್ನು ಕಾಯೋ ಯಂತ್ರ. ಗೇಟಿನ ಮೇಲಿನ ಬೋರ್ಡಿಗೂ ಗೇಟಿನಲ್ಲಿ ಕೂತ ವಾಚ್‌ಮನ್‌ಗೂ ಇರೋ ವ್ಯತ್ಯಾಸ ಅದು. ಇವೆರಡೂ ಹುಟ್ಟಿದ್ದು ಬೇರೆ ಬೇರೆ ಕಡೆ. ಮಧ್ಯದಲ್ಲಿ ಒಂದಾದವು. ಆಮೇಲೆ ಬೇರೆ ಮಾಡೋಕೆ ಹೊರಟರೆ ಪೂರ್ತಿ ಬೇರೆ ಆಗಲೇ ಇಲ್ಲ. ಇವತ್ತಿನ ಕಥೆ ಅದೇ.

1970: ಒಂದೇ ವರ್ಷ, ಎರಡು ಕೆಲಸ

1970ರ ಜೂನ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರೋ ಐಬಿಎಂ ಸಂಶೋಧನಾಲಯದ ಎಡ್ಗರ್ ಕಾಡ್ ಒಂದು ಲೇಖನ ಪ್ರಕಟಿಸಿದರು. ಕಾಡ್ ಇಂಗ್ಲೆಂಡಿನವರು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಡೇಟಾವನ್ನೆಲ್ಲ ಸರಳವಾದ ಟೇಬಲ್‌ಗಳಾಗಿ, ಗಣಿತದ ಭಾಷೆಯಲ್ಲಿ ಹೇಳೋದಾದರೆ ‘ರಿಲೇಶನ್’ಗಳಾಗಿ ನೋಡಿ ಅನ್ನೋದು ಅವರ ಮಾತು. ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸೋ ಕಾಲಂಗೆ ‘ಪ್ರೈಮರಿ ಕೀ’ ಅನ್ನೋ ಹೆಸರನ್ನು ಅವರು ಆ ಲೇಖನದಲ್ಲೇ ಬಳಸಿದ್ದಾರೆ.

ಆ ಲೇಖನದ ಶುರುವಿನಲ್ಲೇ ಕಾಡ್ ಒಂದು ದೂರು ಹೇಳ್ತಾರೆ. ಆಗಿನ ಡೇಟಾ ವ್ಯವಸ್ಥೆಗಳಲ್ಲಿ ಪ್ರೋಗ್ರಾಂಗಳು ಇಂಡೆಕ್ಸ್‌ಗಳಿಗೆ ಅಂಟಿಕೊಂಡುಬಿಟ್ಟಿದ್ದವು. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯಲ್ಲಿ ಇರುತ್ತಲ್ಲ, ಅಕಾರಾದಿ ಪದಸೂಚಿ, ಅಂಥದ್ದೇ. ಬೇಗ ಹುಡುಕೋಕೆ ಒಂದು ಅನುಕೂಲ. ಪದಸೂಚಿ ಹರಿದುಹೋದರೂ ಪುಸ್ತಕದ ಅರ್ಥ ಬದಲಾಗಬಾರದು, ಅಲ್ವಾ? ಹಾಗೇ ಇಂಡೆಕ್ಸ್ ಇರಲಿ, ಹೋಗಲಿ, ಪ್ರೋಗ್ರಾಂ ಕೊಡೋ ಉತ್ತರ ಬದಲಾಗಬಾರದು ಅನ್ನೋದು ಕಾಡ್ ವಾದ. ವೇಗ ಬೇರೆ, ಅರ್ಥ ಬೇರೆ. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ 1970ರಲ್ಲಿ ವಿಮಾನ ಕಂಪನಿ ಬೋಯಿಂಗ್‌ನ ಸಂಶೋಧನಾಲಯದಲ್ಲಿ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅನ್ನೋ ಇಬ್ಬರು ಇನ್ನೊಂದು ಕೆಲಸದಲ್ಲಿದ್ದರು. ಡಿಸ್ಕಿನ ಮೇಲಿರೋ ದೊಡ್ಡ ಇಂಡೆಕ್ಸನ್ನು ಹೊಸ ಮಾಹಿತಿ ಸೇರಿದ ಹಾಗೆಲ್ಲ ಕ್ರಮ ತಪ್ಪದಂತೆ ಇಟ್ಟುಕೊಳ್ಳೋದು ಹೇಗೆ? ಅವರ ಉತ್ತರ ‘ಬಿ-ಟ್ರೀ’. ಅದು ಲೇಖನವಾಗಿ ಪತ್ರಿಕೆಯಲ್ಲಿ ಬಂದದ್ದು 1972ರಲ್ಲಿ. ‘ಬಿ’ ಅಂದರೆ ಏನು ಅಂತ ಇಬ್ಬರೂ ಅದರಲ್ಲಿ ಬರೆಯಲೇ ಇಲ್ಲ. ಬೇಯರ್‌ನ ಬಿ ಅಂತ ಕೆಲವರು, ಬೋಯಿಂಗ್‌ನ ಬಿ ಅಂತ ಇನ್ನು ಕೆಲವರು ಹೇಳ್ತಾರೆ.

ಬಿ-ಟ್ರೀ ಅಂದರೆ ಕವಲೊಡೆದ ದಾರಿ. ಪ್ರತಿ ಕವಲಲ್ಲೂ ‘ಇದಕ್ಕಿಂತ ಚಿಕ್ಕದು ಈ ಕಡೆ, ದೊಡ್ಡದು ಆ ಕಡೆ’ ಅನ್ನೋ ಕೈಕಂಬ. ಒಂದೊಂದು ಕವಲಿನಿಂದ ನೂರಾರು ದಾರಿ ಒಡೆಯೋದರಿಂದ, ಲಕ್ಷಾಂತರ ಸಾಲುಗಳಿದ್ದರೂ ಮೂರು ನಾಲ್ಕು ಹೆಜ್ಜೆಯಲ್ಲಿ ಸರಿಯಾದ ಜಾಗ ಸಿಕ್ಕಿಬಿಡುತ್ತೆ.

ಈ ಯಂತ್ರಕ್ಕೆ ಒಂದು ಹುಟ್ಟುಗುಣ ಇದೆ. ಹೊಸ ಬೆಲೆಯೊಂದನ್ನ ಸೇರಿಸಬೇಕಾದರೆ, ಅದು ಎಲ್ಲಿ ಕೂರಬೇಕು ಅಂತ ಮೊದಲು ಹುಡುಕಲೇಬೇಕು. ಆ ಜಾಗಕ್ಕೆ ಹೋಗಿ ನೋಡಿದಾಗ ಅದೇ ಬೆಲೆ ಆಗಲೇ ಕೂತಿದ್ದರೆ ಗೊತ್ತಾಗೇ ಆಗುತ್ತೆ. ಅಂದರೆ ‘ಎರಡನೇದು ಬಂತಾ?’ ಅಂತ ನೋಡೋದು ಹೆಚ್ಚು ಕಡಿಮೆ ಪುಕ್ಕಟೆ. ಇಂಡೆಕ್ಸ್ ಇಲ್ಲದಿದ್ದರೆ ಪ್ರತಿ ಬುಕಿಂಗ್‌ಗೂ ಟೇಬಲ್ ಪೂರ್ತಿ ಓದಬೇಕು.

ಇನ್ನೊಂದು ವಿಷಯ. ಒಂದೇ ಕ್ಷಣದಲ್ಲಿ ಇಬ್ಬರು ಸೀಟ್ 14 ಕೇಳಿದರೆ ಇಬ್ಬರೂ ಬಿ-ಟ್ರೀಯ ಅದೇ ಪುಟಕ್ಕೆ ಬಂದು ನಿಲ್ತಾರೆ. ಅಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಬರೆಯೋ ಅವಕಾಶ. ಮೊದಲು ಬರೆದವರಿಗೆ ಸೀಟು, ಎರಡನೆಯವರಿಗೆ ‘ಡೂಪ್ಲಿಕೇಟ್ ಕೀ’ ಅನ್ನೋ ಎರರ್. ಬಸ್ಸಿನ ಬಾಗಿಲಲ್ಲಿ ಆಗಬೇಕಿದ್ದ ಜಗಳ ಡಿಸ್ಕಿನ ಒಂದು ಪುಟದಲ್ಲಿ, ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತೆ.

ನಿಯಮ ಯಂತ್ರದ ಹೊಟ್ಟೆ ಸೇರಿತು

ಕಾಡ್ ಹೇಳಿದ್ದನ್ನ ಕಟ್ಟಿ ತೋರಿಸೋಣ ಅಂತ ಐಬಿಎಂ ಸ್ಯಾನ್ ಹೋಸೆಯಲ್ಲಿ 1970ರ ದಶಕದ ನಡುವೆ ‘ಸಿಸ್ಟಂ ಆರ್’ ಅನ್ನೋ ಪ್ರಾಜೆಕ್ಟ್ ಶುರುವಾಯ್ತು. ಇವತ್ತು ಎಲ್ಲರೂ ಬಳಸೋ ಎಸ್‌ಕ್ಯೂಎಲ್ ಭಾಷೆ ಬೆಳೆದದ್ದು ಅಲ್ಲೇ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದರ ಮೊದಲ ರೂಪವನ್ನ ‘ಸೀಕ್ವೆಲ್’ ಅನ್ನೋ ಹೆಸರಲ್ಲಿ ಪ್ರಕಟಿಸಿದರು.

ಸಿಸ್ಟಂ ಆರ್‌ನಲ್ಲಿ ಇಂಡೆಕ್ಸ್‌ಗೆ ‘ಇಮೇಜ್’ ಅಂತ ಹೆಸರಿತ್ತು. ಒಂದು ಕಾಲಂನಲ್ಲಿ ಎರಡು ಸಲ ಅದೇ ಬೆಲೆ ಬರಬಾರದು ಅಂದರೆ, ಅದರ ಮೇಲೆ ಯೂನಿಕ್ ಅನ್ನೋ ಗುಣವಿರೋ ಇಮೇಜ್ ಕಟ್ಟಬೇಕಿತ್ತು. ಎಂಜಿನಿಯರ್‌ಗಳ ಕಣ್ಣಿಂದ ನೋಡಿದರೆ ಇದು ಸಹಜವೇ. ಯಂತ್ರ ಹೇಗೂ ಆ ಜಾಗಕ್ಕೆ ಹೋಗಿ ನೋಡುತ್ತೆ, ಹಾಗೇ ನಿಯಮವನ್ನೂ ಅದರ ಕೈಗೇ ಕೊಟ್ಟುಬಿಡೋಣ. ಬೋರ್ಡ್ ಬರೆಸೋ ಬದಲು ವಾಚ್‌ಮನ್ ಕಿವಿಯಲ್ಲಿ ಹೇಳಿಬಿಟ್ಟ ಹಾಗೆ.

ಇದೇ ಅಭ್ಯಾಸ ಮಾರುಕಟ್ಟೆಗೂ ಬಂತು. ಐಬಿಎಂ 1983ರಲ್ಲಿ ಘೋಷಿಸಿದ ಡಿಬಿ2ನಲ್ಲೂ ಶುರುವಿನ ವರ್ಷಗಳಲ್ಲಿ ಎರಡನೇ ನಕಲನ್ನ ತಡೆಯೋಕೆ ಇದ್ದ ದಾರಿ ‘ಕ್ರಿಯೇಟ್ ಯೂನಿಕ್ ಇಂಡೆಕ್ಸ್’ ಒಂದೇ. ಪ್ರೈಮರಿ ಕೀ ಅನ್ನೋ ಮಾತನ್ನೇ ಆ ಡೇಟಾಬೇಸ್‌ಗೆ ಹೇಳೋಕೆ ಆಗ್ತಿರಲಿಲ್ಲ.

ಇಲ್ಲಿ ಏನಾಯ್ತು ನೋಡಿ. ಕಾಡ್ ಹೇಳಿದ್ದು ಇಂಡೆಕ್ಸ್ ಬರಲಿ ಹೋಗಲಿ, ಅರ್ಥ ಬದಲಾಗಬಾರದು ಅಂತ. ಈಗ ಇಂಡೆಕ್ಸ್ ತೆಗೆದರೆ ‘ಒಂದು ಸೀಟಿಗೆ ಒಂದೇ ಬುಕಿಂಗ್’ ಅನ್ನೋ ಅರ್ಥವೇ ಅದರ ಜೊತೆ ಹೋಗುತ್ತೆ. ಕಾಡ್ ಅವರದ್ದೇ ಕಂಪನಿಯಲ್ಲಿ, ಅವರದ್ದೇ ಮಾದರಿಯ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ಹೀಗಾಯ್ತು.

ಬೇರೆ ಮಾಡೋ ಪ್ರಯತ್ನ

1985ರ ಅಕ್ಟೋಬರ್‌ನಲ್ಲಿ ಕಾಡ್ ‘ಕಂಪ್ಯೂಟರ್‌ವರ್ಲ್ಡ್’ ಪತ್ರಿಕೆಯಲ್ಲಿ ಹನ್ನೆರಡು ನಿಯಮಗಳನ್ನ ಮುಂದಿಟ್ಟರು. ತನ್ನನ್ನು ರಿಲೇಶನಲ್ ಅಂತ ಕರೆದುಕೊಳ್ಳೋ ಡೇಟಾಬೇಸ್ ಇವನ್ನು ಪಾಲಿಸಬೇಕು ಅಂತ. ಅದರಲ್ಲಿ ಹತ್ತನೇದು ನಮ್ಮ ಕಥೆಗೆ ಬೇಕಾದದ್ದು: ಡೇಟಾ ಹೀಗಿರಬೇಕು, ಹೀಗಿರಬಾರದು ಅನ್ನೋ ಕಟ್ಟುಪಾಡುಗಳನ್ನ ಡೇಟಾಬೇಸ್ ಭಾಷೆಯಲ್ಲೇ ಹೇಳೋಕೆ ಬರಬೇಕು, ಅವು ಡೇಟಾಬೇಸಿನ ಕ್ಯಾಟಲಾಗ್‌ನಲ್ಲೇ ದಾಖಲಾಗಿರಬೇಕು. ಒಂದೊಂದು ಪ್ರೋಗ್ರಾಂ ಒಳಗೆ ಚದುರಿ ಹೋಗಬಾರದು.

ಮರುವರ್ಷ, ಅಂದರೆ 1986ರಲ್ಲಿ, ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಎಸ್‌ಕ್ಯೂಎಲ್‌ನ ಮೊದಲ ಸ್ಟ್ಯಾಂಡರ್ಡ್ ಹೊರಡಿಸಿತು. ಟೇಬಲ್ ಕಟ್ಟುವಾಗಲೇ ಕಾಲಂ ಪಕ್ಕದಲ್ಲಿ ‘ಯೂನಿಕ್’ ಅಂತ ಬರೆಯೋ ಅವಕಾಶ ಅದರಲ್ಲಿತ್ತು. ‘ಕ್ರಿಯೇಟ್ ಇಂಡೆಕ್ಸ್’ ಇರಲಿಲ್ಲ. ಸ್ಟ್ಯಾಂಡರ್ಡ್ ಹೇಳೋದು ಏನು ನಿಜ ಇರಬೇಕು ಅನ್ನೋದನ್ನ. ಅದನ್ನು ಹೇಗೆ ಬೇಗ ಮಾಡಬೇಕು ಅನ್ನೋದು ಆಯಾ ಕಂಪನಿಗೆ ಬಿಟ್ಟದ್ದು. ಇವತ್ತಿಗೂ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲಿ ಇಂಡೆಕ್ಸ್ ಕಟ್ಟೋ ಆದೇಶ ಇಲ್ಲ. ನಾವು ದಿನಾ ಬರೆಯೋ ‘ಕ್ರಿಯೇಟ್ ಇಂಡೆಕ್ಸ್’ ಒಂದೊಂದು ಡೇಟಾಬೇಸಿನ ಸ್ವಂತ ಸೇರ್ಪಡೆ.

ಹಳೇ ಮನೆಯಲ್ಲಿ ಹೊಸ ಗೋಡೆ ಎಬ್ಬಿಸಿದ ಹಾಗಿತ್ತು ಮುಂದಿನ ಕಾಲ. 1988ರಲ್ಲಿ ಡಿಬಿ2ಗೆ ಪ್ರೈಮರಿ ಕೀ ಬಂತು. ಆದರೆ ಪ್ರೈಮರಿ ಕೀ ಅಂತ ಬರೆದರಷ್ಟೇ ಸಾಲದು, ಅದಕ್ಕೆ ತಕ್ಕ ಯೂನಿಕ್ ಇಂಡೆಕ್ಸನ್ನೂ ನೀವೇ ಕಟ್ಟಬೇಕಿತ್ತು. ಅಲ್ಲಿವರೆಗೆ ಆ ಟೇಬಲ್ ‘ಅಪೂರ್ಣ’ ಅನ್ನೋ ಸ್ಥಿತಿಯಲ್ಲೇ ಇರ್ತಿತ್ತು. ಬೋರ್ಡ್ ಹಾಕಿದ್ದೀರಿ ಸರಿ, ವಾಚ್‌ಮನ್ ಎಲ್ಲಿ ಅಂತ ಕೇಳಿದ ಹಾಗೆ. ಆಮೇಲೆ ಬಂದ ಬಹಳಷ್ಟು ಡೇಟಾಬೇಸ್‌ಗಳು ಈ ತಲೆನೋವು ತಾವೇ ತಗೊಂಡವು. ನೀವು ನಿಯಮ ಬರೆದರೆ ಹಿಂದಿನಿಂದ ತಾವೇ ಒಂದು ಇಂಡೆಕ್ಸ್ ಕಟ್ಟಿಕೊಳ್ತವೆ. ಪೋಸ್ಟ್‌ಗ್ರೆಸ್ ಹೀಗೆ, ಎಸ್‌ಕ್ಯೂಎಲ್ ಸರ್ವರ್ ಹೀಗೆ, ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋ ಎಸ್‌ಕ್ಯೂಲೈಟ್ ಕೂಡ ಹೀಗೇ. ಮೈಎಸ್‌ಕ್ಯೂಎಲ್‌ನಲ್ಲಂತೂ ಎರಡು ಹೆಸರಿಗೂ ಒಂದೇ ವಸ್ತು. ‘ಎರಡೂ ಒಂದೇ’ ಅನ್ನೋ ಅರ್ಧ ನಿಜ ಹುಟ್ಟಿದ್ದು ಇಲ್ಲಿ.

ಎಲ್ಲರೂ ಹಾಗಲ್ಲ. ಒರಾಕಲ್ 1997ರ ತನ್ನ 8ನೇ ಆವೃತ್ತಿಯಲ್ಲಿ ಯೂನಿಕ್ ಅಲ್ಲದ ಸಾದಾ ಇಂಡೆಕ್ಸ್ ಇಟ್ಟುಕೊಂಡೂ ಯೂನಿಕ್ ನಿಯಮವನ್ನು ಕಾಯಬಹುದು ಅಂತ ತೋರಿಸಿತು. ಅದೇ ಒರಾಕಲ್‌ನಲ್ಲಿ ಬರೀ ಯೂನಿಕ್ ಇಂಡೆಕ್ಸ್ ಇದ್ದು ನಿಯಮ ಇಲ್ಲದಿದ್ದರೆ, ಇನ್ನೊಂದು ಟೇಬಲ್ ಆ ಕಾಲಂನ ಕಡೆಗೆ ಫಾರಿನ್ ಕೀ ಇಡೋಕೆ ಬಿಡಲ್ಲ. ಅಲ್ಲಿ ಎರಡೂ ಬೇರೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಸೀಟು ಅದಲು ಬದಲು, ಟಿಕೆಟ್ ರದ್ದು

ಇಷ್ಟೆಲ್ಲ ಯಾಕೆ ಬೇಕು? ಮತ್ತೆ ಬಸ್ ಹತ್ತೋಣ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಂತಿಟ್ಟುಕೊಳ್ಳಿ.

14ರಲ್ಲಿ ಕೂತವರು 15ಕ್ಕೆ, 15ರವರು 14ಕ್ಕೆ ಬದಲಾಯಿಸಿಕೊಳ್ಳಬೇಕು. ಒಂದೇ ಆದೇಶದಲ್ಲಿ ಎರಡೂ ಸಾಲು ಬದಲಾಯಿಸ್ತೀರಿ. ಕೊನೆಗೆ ನೋಡಿದರೆ ಎಲ್ಲೂ ನಕಲಿಲ್ಲ, ಎಲ್ಲ ಸರಿ. ಆದರೂ ಎರರ್! ಯಾಕಂದರೆ ಮೊದಲ ಸಾಲು 15 ಆದ ಕ್ಷಣ, ಇನ್ನೊಂದು ಸಾಲೂ 15 ಅಂತಲೇ ಇದೆ. ಯಂತ್ರ ಸಾಲು ಸಾಲಾಗಿ ನೋಡುತ್ತೆ. ಸ್ಟ್ಯಾಂಡರ್ಡ್ ಪ್ರಕಾರ ಆದೇಶ ಪೂರ್ತಿ ಮುಗಿದ ಮೇಲೆ ನೋಡಬೇಕು. ಅಂದರೆ ಇಲ್ಲಿ ಯಂತ್ರದ ಸ್ವಭಾವ ನಿಯಮದ ಮೇಲೆ ಸವಾರಿ ಮಾಡ್ತಿದೆ.

ಇದಕ್ಕೆ ಮದ್ದು 1992ರ ಸ್ಟ್ಯಾಂಡರ್ಡ್‌ನಲ್ಲಿದೆ. ‘ಡಿಫರಬಲ್’ ಅಂತ ಬರೆದರೆ ತಪಾಸಣೆಯನ್ನ ಟ್ರಾನ್ಸಾಕ್ಷನ್ ಕೊನೆಯವರೆಗೂ ಮುಂದೂಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಯೂನಿಕ್ ನಿಯಮಕ್ಕೆ ಇದು ಬಂದದ್ದು 2010ರ 9.0 ಆವೃತ್ತಿಯಲ್ಲಿ. ಈ ಸೌಲಭ್ಯ ಕನ್‌ಸ್ಟ್ರೇಂಟ್‌ಗೆ ಮಾತ್ರ. ಬರೀ ಯೂನಿಕ್ ಇಂಡೆಕ್ಸ್‌ಗೆ ‘ಸ್ವಲ್ಪ ತಡ್ಕೊ’ ಅಂತ ಹೇಳೋಕೆ ಆಗಲ್ಲ.

ಈಗ ಉಲ್ಟಾ ಉದಾಹರಣೆ. ನೀವು ಸೀಟ್ 14 ರದ್ದು ಮಾಡಿದಿರಿ. ರೀಫಂಡ್ ಲೆಕ್ಕಕ್ಕೆ ಬೇಕು ಅಂತ ಹಳೇ ಸಾಲನ್ನ ಅಳಿಸಲ್ಲ, ‘ರದ್ದು’ ಅಂತ ಗುರುತು ಹಾಕಿ ಇಡ್ತಾರೆ. ಅದೇ ಸೀಟನ್ನ ಬೇರೆಯವರು ಬುಕ್ ಮಾಡೋಕೆ ಹೋದರೆ ಯೂನಿಕ್ ನಿಯಮ ಅಡ್ಡ ಬರುತ್ತೆ: 14 ಆಗಲೇ ಇದೆಯಲ್ಲ! ನಮಗೆ ಬೇಕಿರೋದು ‘ರದ್ದಾಗದ ಬುಕಿಂಗ್‌ಗಳಲ್ಲಿ ಮಾತ್ರ ಒಂದೇ’ ಅನ್ನೋ ನಿಯಮ. ಯೂನಿಕ್ ಕನ್‌ಸ್ಟ್ರೇಂಟ್‌ಗೆ ಈ ‘ಮಾತ್ರ’ ಗೊತ್ತಿಲ್ಲ. ಯೂನಿಕ್ ಇಂಡೆಕ್ಸ್‌ಗೆ ಗೊತ್ತು. ಕೆಲವೇ ಸಾಲುಗಳ ಮೇಲೆ ಕಟ್ಟೋ ಇಂಥ ‘ಪಾರ್ಶಿಯಲ್ ಇಂಡೆಕ್ಸ್’ ಪರವಾಗಿ ಮೈಕೆಲ್ ಸ್ಟೋನ್‌ಬ್ರೇಕರ್ 1989ರಲ್ಲೇ ವಾದಿಸಿದ್ದರು. ಇವತ್ತಿನ ಪೋಸ್ಟ್‌ಗ್ರೆಸ್‌ನ ಮೂಲ ಅವರ ಬರ್ಕ್ಲಿ ಪ್ರಾಜೆಕ್ಟೇ. ಎಸ್‌ಕ್ಯೂಎಲ್ ಸರ್ವರ್‌ಗೆ ಇದೇ ಗುಣ 2008ರಲ್ಲಿ ‘ಫಿಲ್ಟರ್ಡ್ ಇಂಡೆಕ್ಸ್’ ಅನ್ನೋ ಹೆಸರಲ್ಲಿ ಬಂತು.

ಒಂದೇ ಬಸ್, ಒಂದೇ ಸೀಟು. ಅದಲು ಬದಲಿಗೆ ಕನ್‌ಸ್ಟ್ರೇಂಟ್ ಬೇಕು, ರದ್ದಾದ ಟಿಕೆಟ್ಟಿಗೆ ಇಂಡೆಕ್ಸ್ ಬೇಕು. ಹಾಗಾದ್ರೆ ಎರಡೂ ಒಂದೇ ಅನ್ನೋದು ಹೇಗೆ?

ಅಪ್ಲಿಕೇಶನ್ನೇ ನೋಡಿಕೊಳ್ಳುತ್ತೆ ಅಂದಾಗ

2000ದ ದಶಕದಲ್ಲಿ ವೆಬ್ ಫ್ರೇಮ್‌ವರ್ಕ್‌ಗಳು ಬಂದವು. ರೂಬಿ ಆನ್ ರೇಲ್ಸ್‌ನಂಥವು ಒಂದು ಆಸೆ ಹುಟ್ಟಿಸಿದವು: ನಿಯಮವನ್ನ ಡೇಟಾಬೇಸ್‌ನಲ್ಲಿ ಯಾಕೆ ಬರೀಬೇಕು, ನಮ್ಮ ಕೋಡಿನಲ್ಲೇ ಬರೆಯೋಣ. ಕೋಡು ಮೊದಲು ‘ಸೀಟ್ 14 ಖಾಲಿ ಇದೆಯಾ?’ ಅಂತ ಕೇಳುತ್ತೆ, ಖಾಲಿ ಇದ್ದರೆ ಬರೆಯುತ್ತೆ. ಕೇಳೋದಕ್ಕೂ ಬರೆಯೋದಕ್ಕೂ ನಡುವೆ ಒಂದು ಸಣ್ಣ ಸಂದು ಇದೆಯಲ್ಲ, ಅಲ್ಲೇ ಎರಡನೆಯವರು ನುಗ್ಗೋದು. ಇಬ್ಬರಿಗೂ ಖಾಲಿ ಅನ್ನೋ ಉತ್ತರ ಸಿಗುತ್ತೆ, ಇಬ್ಬರೂ ಬರೀತಾರೆ.

2015ರಲ್ಲಿ ಪೀಟರ್ ಬೇಲಿಸ್ ಮತ್ತು ಸಂಗಡಿಗರು ರೇಲ್ಸ್‌ನಲ್ಲಿ ಬರೆದ 67 ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನ ಪರಿಶೀಲಿಸಿದರು. ಕೋಡಿನಲ್ಲಷ್ಟೇ ಯೂನಿಕ್ ಅಂತ ಪರೀಕ್ಷಿಸಿದರೆ, ಏಕಕಾಲಕ್ಕೆ ಬಹಳ ಜನ ಬಂದಾಗ ನಕಲುಗಳು ಒಳಗೆ ಸೇರ್ತವೆ ಅಂತ ಪ್ರಯೋಗ ಮಾಡಿ ತೋರಿಸಿದರು. ಕಾಡ್ ಅವರ ಹತ್ತನೇ ನಿಯಮ ಮೂವತ್ತು ವರ್ಷ ಆದ ಮೇಲೂ ಹಳತಾಗಿರಲಿಲ್ಲ.

ತಮಾಷೆ ಏನಂದರೆ, ರೇಲ್ಸ್ ಕೂಡ ಇದಕ್ಕೆ ಹೇಳ್ತಿದ್ದ ಮದ್ದು ‘ಯೂನಿಕ್ ಇಂಡೆಕ್ಸ್ ಸೇರಿಸಿ’ ಅಂತ. ನಿಯಮವನ್ನ ನಿಯಮವಾಗಿಯೇ ಬರೆಯೋ ದಾರಿ, ಅದೂ ಪೋಸ್ಟ್‌ಗ್ರೆಸ್‌ಗೆ, ರೇಲ್ಸ್‌ನಲ್ಲಿ ಬಂದದ್ದು 2023ರ 7.1 ಆವೃತ್ತಿಯಲ್ಲಿ. ಸಿಸ್ಟಂ ಆರ್ ಕಾಲದ ಅಭ್ಯಾಸ ಅಷ್ಟು ಗಟ್ಟಿ.

‘ಒಂದೇ’ ಅಂದರೆ ಏನು?

ಇಲ್ಲಿಗೆ ಮುಗೀತು ಅಂದುಕೊಂಡರೆ ಇನ್ನೊಂದು ತೊಡಕಿದೆ. ಎರಡು ಬೆಲೆ ಒಂದೇ ಅಂತ ತೀರ್ಮಾನಿಸೋದು ಯಾರು?

ಖಾಲಿ ಬಿಟ್ಟ ಜಾಗವನ್ನೇ ನೋಡಿ, ಡೇಟಾಬೇಸ್ ಭಾಷೆಯಲ್ಲಿ ‘ನಲ್’. ಇಬ್ಬರು ಪ್ರಯಾಣಿಕರು ಗುರುತಿನ ಚೀಟಿ ಸಂಖ್ಯೆ ಕೊಟ್ಟಿಲ್ಲ. ಇಬ್ಬರದ್ದೂ ಖಾಲಿ. ಅವೆರಡೂ ಒಂದೇನಾ? 1992ರ ಸ್ಟ್ಯಾಂಡರ್ಡ್ ಪ್ರಕಾರ ಅಲ್ಲ, ಎಷ್ಟು ಖಾಲಿ ಬೇಕಾದರೂ ಇರಬಹುದು. ಎಸ್‌ಕ್ಯೂಎಲ್ ಸರ್ವರ್ ಮಾತ್ರ ಒಂದೇ ಒಂದು ಖಾಲಿಗೆ ಅವಕಾಶ ಕೊಡುತ್ತೆ. ಈ ಜಗಳ ಎಷ್ಟು ದಿನ ನಡೀತು ಅಂದರೆ, ಯಾವ ಅರ್ಥ ಬೇಕು ಅಂತ ನೀವೇ ಬರೆಯೋ ಆಯ್ಕೆ 2022ರಲ್ಲಿ ಪೋಸ್ಟ್‌ಗ್ರೆಸ್ 15ಕ್ಕೆ, 2023ರಲ್ಲಿ ಸ್ಟ್ಯಾಂಡರ್ಡ್‌ಗೆ ಬಂತು.

ಇನ್ನು ನಮ್ಮ ಕನ್ನಡದ್ದೇ ಒಂದು ಉದಾಹರಣೆ. ‘ವೀಣಾ’ ಅನ್ನೋ ಹೆಸರು ತಗೊಳ್ಳಿ. ಯೂನಿಕೋಡ್‌ನಲ್ಲಿ ‘ವೀ’ಯ ದೀರ್ಘ ಸ್ವರಚಿಹ್ನೆಯನ್ನ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಹ್ರಸ್ವ ಗುಡಿಸು ಮತ್ತು ದೀರ್ಘ ಅಂತ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಕಾಣೋದು ಒಂದೇ ವೀಣಾ. ಯೂನಿಕೋಡ್ ಪ್ರಕಾರವೂ ಎರಡೂ ಸಮಾನ. ಆದರೆ ಪೋಸ್ಟ್‌ಗ್ರೆಸ್ ತನ್ನ ಪಾಡಿಗೆ ಹೋಲಿಸಿದಾಗ ಬೈಟ್‌ಗಳು ಬೇರೆ ಬೇರೆ, ಹಾಗಾಗಿ ಹೆಸರುಗಳೂ ಬೇರೆ. ಯೂನಿಕ್ ಅಂತ ಬರೆದ ಕಾಲಂನಲ್ಲಿ ಇಬ್ಬರು ವೀಣಾ ಆರಾಮಾಗಿ ಕೂತಿರ್ತಾರೆ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಹುಡುಕೋಕೂ ಆಗಲ್ಲ.

ಪೋಸ್ಟ್‌ಗ್ರೆಸ್ 13ರಲ್ಲಿ, ಅಂದರೆ 2020ರಲ್ಲಿ, ‘ನಾರ್ಮಲೈಸ್’ ಅನ್ನೋ ಫಂಕ್ಷನ್ ಬಂತು. ಎರಡು ಬಗೆಯ ಬರಹವನ್ನೂ ಅದು ಒಂದೇ ರೂಪಕ್ಕೆ ತರುತ್ತೆ. ಆ ಫಂಕ್ಷನ್ ಕೊಟ್ಟ ಉತ್ತರದ ಮೇಲೆ ಯೂನಿಕ್ ಇಂಡೆಕ್ಸ್ ಕಟ್ಟಿದರೆ ಎರಡನೇ ವೀಣಾ ಒಳಗೆ ಬರಲ್ಲ. ಯೂನಿಕ್ ಕನ್‌ಸ್ಟ್ರೇಂಟ್‌ಗೆ ಇದು ಸಾಧ್ಯವಿಲ್ಲ. ಅದಕ್ಕೆ ಬರೀ ಕಾಲಂ ಹೆಸರು ಕೊಡಬಹುದು, ಲೆಕ್ಕಾಚಾರ ಕೊಡೋಕೆ ಆಗಲ್ಲ.

ವಾಚ್‌ಮನ್‌ನ ಮನೆಗೆ ಕಳಿಸೋ ಮುಂಚೆ

ಹಾಗಾದ್ರೆ ಯಾವುದನ್ನ ಬಳಸಬೇಕು? ನಿಯಮವನ್ನ ನಿಯಮವಾಗಿ ಹೇಳೋಕೆ ಆಗುವಲ್ಲೆಲ್ಲ ಕನ್‌ಸ್ಟ್ರೇಂಟ್ ಬರೆಯಿರಿ. ‘ರದ್ದಾಗದವು ಮಾತ್ರ’, ‘ನಾರ್ಮಲೈಸ್ ಆದ ಮೇಲೆ’ ಅನ್ನೋ ಷರತ್ತು ಬಂದಾಗ ಯೂನಿಕ್ ಇಂಡೆಕ್ಸ್ ಬಳಸಿ. ಆಗ ಅದರ ಹೆಸರಿನಲ್ಲೇ, ಇಲ್ಲವೇ ಪಕ್ಕದ ಟಿಪ್ಪಣಿಯಲ್ಲಿ, ಇದು ವೇಗಕ್ಕಲ್ಲ, ನಿಯಮಕ್ಕೆ ಇರೋದು ಅಂತ ಬರೆದಿಡಿ.

ಯಾಕೆ ಅಂದರೆ, ಡೇಟಾಬೇಸ್ ನಿಧಾನ ಆದಾಗ ಮೊದಲು ಕೈ ಹೋಗೋದು ‘ಬಳಕೆಯಾಗದ ಇಂಡೆಕ್ಸ್’ಗಳ ಪಟ್ಟಿಗೆ. ಪೋಸ್ಟ್‌ಗ್ರೆಸ್ ಒಂದೊಂದು ಇಂಡೆಕ್ಸನ್ನ ಎಷ್ಟು ಸಲ ಹುಡುಕೋಕೆ ಬಳಸಿದೆ ಅಂತ ಲೆಕ್ಕ ಇಡುತ್ತೆ. ಎರಡನೇ ನಕಲನ್ನ ತಡೆಯೋಕೆ ನೋಡಿದ್ದು ಆ ಲೆಕ್ಕಕ್ಕೆ ಸೇರಲ್ಲ. ವರ್ಷವಿಡೀ ಗೇಟ್ ಕಾಯ್ದ ಇಂಡೆಕ್ಸ್ ಎದುರು ‘ಸೊನ್ನೆ’ ಅಂತ ಇರಬಹುದು. ಅದನ್ನ ನೋಡಿ ಯಾರೋ ಅದನ್ನ ತೆಗೆದುಹಾಕಿದರೆ ಎರರ್ ಬರಲ್ಲ, ಆ್ಯಪ್ ನಿಲ್ಲಲ್ಲ, ಇನ್ನೂ ಸ್ವಲ್ಪ ಚುರುಕೇ ಆಗುತ್ತೆ. ತಿಂಗಳುಗಳಾದ ಮೇಲೆ ಯಾವುದೋ ಹಬ್ಬದ ರಾತ್ರಿ ಸೀಟ್ 14ಕ್ಕೆ ಇಬ್ಬರು ಬಂದು ನಿಲ್ತಾರೆ. ಅದೇ ಇಂಡೆಕ್ಸ್ ಒಂದು ಕನ್‌ಸ್ಟ್ರೇಂಟ್‌ಗೆ ಸೇರಿದ್ದಾಗಿದ್ದರೆ ಪೋಸ್ಟ್‌ಗ್ರೆಸ್ ತೆಗೆಯೋಕೇ ಬಿಡ್ತಿರಲಿಲ್ಲ. ಇದು ಒಂದು ನಿಯಮಕ್ಕೆ ಬೇಕು, ಬೇಡವಾದರೆ ಆ ನಿಯಮವನ್ನೇ ತೆಗೆಯಿರಿ ಅಂತ ತಿರುಗಿ ಹೇಳ್ತಿತ್ತು.

1970ರಲ್ಲಿ ಕಾಡ್ ಎತ್ತಿದ ಪ್ರಶ್ನೆ ಇದೇ ಆಗಿತ್ತು: ಯಂತ್ರ ಹೋದರೆ ಅರ್ಥ ಉಳಿಯುತ್ತಾ? ಐವತ್ತು ವರ್ಷ ಕಳೆದರೂ ಉತ್ತರ ನೀವು ಟೇಬಲ್ ಕಟ್ಟಿದ ದಿನ ಯಾವ ಸಾಲು ಬರೆದಿರಿ ಅನ್ನೋದರ ಮೇಲೆ ನಿಂತಿದೆ. ಮುಂದಿನ ಸಲ ಯೂನಿಕ್ ಅಂತ ಟೈಪ್ ಮಾಡೋ ಮುಂಚೆ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ನಾನು ಬೋರ್ಡ್ ಬರೀತಿದ್ದೀನಾ, ವಾಚ್‌ಮನ್ ಇಡ್ತಿದ್ದೀನಾ?